ಅಂಕ ಇಳಿಯಿತು, ಅಣ್ಣ ಮಾತ್ರ ಮೂಲೆಯಲ್ಲೇ ಕೂತಿದ್ದಾನೆ

ಪ್ರಶ್ನೆ: ನನ್ನ ಅಣ್ಣನಿಗೆ 31 ವರ್ಷ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಐದು ತಿಂಗಳಿಂದ ಡಿಪ್ರೆಶನ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಆಸ್ಪತ್ರೆಗೆ ಹೋದಾಗಲೆಲ್ಲ ಒಂದು ಹಾಳೆ ಕೊಡುತ್ತಾರೆ, ಒಂಬತ್ತು ಪ್ರಶ್ನೆಗೆ ಟಿಕ್ ಹಾಕಬೇಕು. ಮೊದಲ ಸಲ 17 ಬಂದಿತ್ತು, ಈಗ 8. "ಅರ್ಧಕ್ಕಿಂತ ಕಮ್ಮಿ ಆಗಿದೆ, ಒಳ್ಳೆ ಇಂಪ್ರೂವ್‌ಮೆಂಟ್" ಅಂದರು ಡಾಕ್ಟರು. ಮನೆಯಲ್ಲಿ ನೋಡಿದರೆ ಅವನು ಇನ್ನೂ ಮಂಡಿಗೆ ಹೋಗಿಲ್ಲ, ಯಾರ ಜೊತೆಗೂ ಮಾತಿಲ್ಲ, ಮೊಬೈಲ್ ಹಿಡಿದು ಮೂಲೆಯಲ್ಲಿ ಕೂತಿರುತ್ತಾನೆ. "ಗುಣವಾಗಿದ್ದರೆ ಕೆಲಸಕ್ಕೆ ಯಾಕೆ ಹೋಗಲ್ಲ? ಇದು ಸೋಮಾರಿತನ" ಅನ್ನುತ್ತಾರೆ ಅಪ್ಪ. ಶುಗರ್‌ಗೆ ರಕ್ತ ಪರೀಕ್ಷೆ ಇದ್ದ ಹಾಗೆ ಇದಕ್ಕೊಂದು ಸರಿಯಾದ ಟೆಸ್ಟ್ ಇಲ್ಲವಾ? ಆ ಹಾಳೆಯನ್ನು ನಂಬಬೇಕಾ, ನಮ್ಮ ಕಣ್ಣನ್ನು ನಂಬಬೇಕಾ?
— ತುಮಕೂರು ಜಿಲ್ಲೆಯ ಓದುಗರು

ಉತ್ತರ: ಹಾಳೆ ಸುಳ್ಳು ಹೇಳಿಲ್ಲ. ನಿಮ್ಮ ಕಣ್ಣೂ ಸುಳ್ಳು ಹೇಳಿಲ್ಲ. ಹಾಳೆ ಅಳೆಯುತ್ತಿರುವುದು ಒಂದನ್ನು, ನೀವು ನೋಡುತ್ತಿರುವುದು ಇನ್ನೊಂದನ್ನು. ನಿಮ್ಮ ತಂದೆ ಮೂರನೆಯದನ್ನು ಹಿಡಿದುಕೊಂಡಿದ್ದಾರೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಡಾಕ್ಟರ ಮಾತಿದೆ, ಅಪ್ಪನ ಮಾತಿದೆ, ನಿಮ್ಮದಿದೆ. ತಾನು ಹೇಗಿದ್ದೇನೆ ಅಂತ ಅಣ್ಣ ಹೇಳಿದ ಮಾತು ಒಂದೂ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಾಳೆ. ಒಂಬತ್ತು ಪ್ರಶ್ನೆ ಅಂದಿದ್ದೀರಿ, ಅಂದರೆ ಅದು ಪಿಎಚ್‌ಕ್ಯೂ-9. 2001ರಲ್ಲಿ ಅಮೆರಿಕದಲ್ಲಿ ಬಂದದ್ದು, ಈಗ ಕನ್ನಡದಲ್ಲೂ ಇದೆ. ಹೋದ ಹದಿನೈದು ದಿನದಲ್ಲಿ ಏನೇನು ತೊಂದರೆ ಎಷ್ಟು ದಿನ ಕಾಡಿತು ಅಂತ ಕೇಳುತ್ತದೆ. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗುವುದು, ನಿದ್ದೆ, ಸುಸ್ತು, ಹಸಿವು, ತನ್ನ ಬಗ್ಗೆಯೇ ಕೀಳು ಭಾವನೆ, ಗಮನ ನಿಲ್ಲದಿರುವುದು, ನಡೆ ನುಡಿ ನಿಧಾನವಾಗುವುದು ಅಥವಾ ಚಡಪಡಿಕೆ, ಕೊನೆಗೆ ಸಾವಿನ ಯೋಚನೆ. ಒಂದು ದಿನವೂ ಇಲ್ಲದಿದ್ದರೆ 0, ಹೆಚ್ಚುಕಡಿಮೆ ದಿನವೂ ಇದ್ದರೆ 3. ಒಟ್ಟು 27. ಐದಕ್ಕಿಂತ ಕಡಿಮೆ ಬಂದರೆ ಕಾಯಿಲೆ ಹತೋಟಿಗೆ ಬಂದಿದೆ ಅಂತ ಲೆಕ್ಕ. 5ರಿಂದ 9 ಸಣ್ಣ ಮಟ್ಟದ್ದು, 10ರಿಂದ 14 ಮಧ್ಯಮ, 15ರಿಂದ 19 ಜೋರು, 20 ಮತ್ತು ಅದರ ಮೇಲೆ ತೀರಾ ಜೋರು.

ಈ ಲೆಕ್ಕದಲ್ಲಿ ನಿಮ್ಮ ಡಾಕ್ಟರು ಹೇಳಿದ್ದು ಸರಿ. ಐದು ಅಂಕ ಇಳಿದರೇ ಅದಕ್ಕೆ ಅರ್ಥವಿದೆ ಅನ್ನುತ್ತೇವೆ, ಇಲ್ಲಿ ಒಂಬತ್ತು ಇಳಿದಿದೆ. ಅರ್ಧಕ್ಕಿಂತ ಜಾಸ್ತಿ ಇಳಿದರೆ ಚಿಕಿತ್ಸೆ ಹಿಡಿದಿದೆ ಅಂತ. ಆದರೆ ಚಿಕಿತ್ಸೆ ಹಿಡಿಯುವುದು ಬೇರೆ, ಕಾಯಿಲೆ ಬಿಡುವುದು ಬೇರೆ. 8 ಇನ್ನೂ ಐದರ ಮೇಲೇ ಇದೆ. ಹೀಗೆ ಅರ್ಧ ಇಳಿದು ನಿಂತವರಲ್ಲಿ ಕಾಯಿಲೆ ಮರುಕಳಿಸುವ ಸಾಧ್ಯತೆ, ಪೂರ್ತಿ ಇಳಿದವರಿಗಿಂತ ಜಾಸ್ತಿ. "ಒಳ್ಳೆ ಇಂಪ್ರೂವ್‌ಮೆಂಟ್" ಅಂದ ಮೇಲೆ "ಇನ್ನೂ ಮುಗಿದಿಲ್ಲ" ಅಂತಲೂ ಹೇಳಬೇಕಿತ್ತು. ಹೇಳಿರಲೂಬಹುದು. ಓಪಿಡಿಯ ಗಲಾಟೆಯಲ್ಲಿ ಎರಡನೇ ವಾಕ್ಯ ಯಾರ ಕಿವಿಗೂ ಬೀಳುವುದಿಲ್ಲ.

ಮುಂದಿನ ಸಲ ಒಟ್ಟು ಅಂಕ ಮಾತ್ರ ನೋಡಬೇಡಿ. ಆ 8 ಎಲ್ಲಿಂದ ಬಂತು ಅಂತ ನೋಡಿ. ಒಬ್ಬರಿಗೆ ನಿದ್ದೆ, ಸುಸ್ತು, ಹಸಿವಿನಿಂದ 8 ಬಂದಿರುತ್ತದೆ. ಇನ್ನೊಬ್ಬರು ಚೆನ್ನಾಗಿ ಮಲಗುತ್ತಾರೆ, ಊಟ ಮಾಡುತ್ತಾರೆ. ಆದರೆ ಮೊದಲ ಎರಡು ಪ್ರಶ್ನೆಗೆ ಮೂರು ಮೂರು, ಸಾವಿನ ಯೋಚನೆಗೆ ಎರಡು. ಎರಡೂ 8. ಮೊದಲನೆಯವರನ್ನು ತಿಂಗಳು ಬಿಟ್ಟು ಬನ್ನಿ ಅನ್ನಬಹುದು. ಎರಡನೆಯವರನ್ನು ಹಾಗೆ ಕಳಿಸುವ ಹಾಗಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ಮಿರ್ಟಾಜಪೀನ್, ಅಮಿಟ್ರಿಪ್ಟಿಲಿನ್ ತರಹದ ಮಾತ್ರೆಗಳು ಮನಸ್ಸಿಗೆ ಮುಂಚೆ ನಿದ್ದೆಯನ್ನು ಹಿಡಿಯುತ್ತವೆ, ಹಸಿವನ್ನೂ ಹೆಚ್ಚಿಸುತ್ತವೆ. ಆಗ ಅಂಕ ಸರಸರ ಇಳಿಯುತ್ತದೆ. ಮನಸ್ಸು ಮಾತ್ರ ಇದ್ದಲ್ಲೇ ಇರುತ್ತದೆ.

ಈಗ ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಆ ಹಾಳೆಯಲ್ಲೇ ಎಲ್ಲಿದೆ ಅಂತ ಹೇಳುತ್ತೇನೆ. ಕೊನೆಯಲ್ಲಿ, ಒಂಬತ್ತರ ಕೆಳಗೆ, ಹತ್ತನೆಯ ಪ್ರಶ್ನೆ ಒಂದಿದೆ. ಈ ತೊಂದರೆಗಳಿಂದ ನಿಮ್ಮ ಕೆಲಸ, ಮನೆಯ ಜವಾಬ್ದಾರಿ, ಜನರ ಜೊತೆ ಬೆರೆಯುವುದು ಎಷ್ಟು ಕಷ್ಟವಾಗಿದೆ ಅಂತ ಅದು ಕೇಳುತ್ತದೆ. ಅದಕ್ಕೆ ಅಂಕವಿಲ್ಲ, ಒಟ್ಟು ಲೆಕ್ಕಕ್ಕೂ ಸೇರುವುದಿಲ್ಲ. ಅಂಕ ಇಲ್ಲದ್ದನ್ನು ಯಾರು ನೋಡುತ್ತಾರೆ? ಬಹಳ ಕಡೆ ಆ ಸಾಲು ಖಾಲಿ ಇರುತ್ತದೆ, ಕೆಲವು ಕಡೆ ಜೆರಾಕ್ಸ್ ಮಾಡುವಾಗಲೇ ಕತ್ತರಿಸಿ ಹೋಗಿರುತ್ತದೆ. ನೀವು ಮನೆಯಲ್ಲಿ ದಿನವೂ ಅಳೆಯುತ್ತಿರುವುದು ಆ ಹತ್ತನೆಯ ಪ್ರಶ್ನೆಯನ್ನೇ.

ಮಂಡಿಯವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೊಬ್ಬರಿ ಎಷ್ಟು ತೂಗಿತು ಅಂತ ತಕ್ಕಡಿ ಹೇಳುತ್ತದೆ. ಒಳಗೆ ಬೂಷ್ಟು ಹಿಡಿದಿದೆಯಾ ಅಂತ ಒಡೆದು ನೋಡಬೇಕು. ತಕ್ಕಡಿಯ ತಪ್ಪೇನೂ ಇಲ್ಲ.

ರಕ್ತ ಪರೀಕ್ಷೆ ಇಲ್ಲವಾ ಅಂತ ಕೇಳಿದ್ದೀರಿ. ಡಿಪ್ರೆಶನ್ ಎಷ್ಟು ಇಳಿಯಿತು ಅಂತ ಹೇಳುವ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನೂ ಇಲ್ಲ. ಯಾರಾದರೂ ಹಾಗಂತ ದುಡ್ಡು ಕೇಳಿದರೆ ಕೊಡಬೇಡಿ. ನಮ್ಮ ಮನೋವೈದ್ಯ ವಿಭಾಗದಲ್ಲೂ ರಕ್ತ ತೆಗೆಸುತ್ತೇವೆ, ಅದು ಬೇರೆ ಕಾರಣಕ್ಕೆ. ಲಿಥಿಯಂ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ನೋಡಬೇಕು, ಜಾಸ್ತಿಯಾದರೆ ವಿಷ. ಕ್ಲೋಜಪೀನ್ ಕೊಟ್ಟರೆ ಬಿಳಿ ರಕ್ತಕಣ ಎಣಿಸಬೇಕು. ಓಲಾಂಜಪೀನ್‌ಗೆ ತೂಕ, ಸೊಂಟದ ಸುತ್ತಳತೆ, ಸಕ್ಕರೆ. ಇವೆಲ್ಲ ಔಷಧಿಯ ಕಡೆಯ ಲೆಕ್ಕ. ಮನಸ್ಸಿನ ಕಡೆಗೆ ಉಳಿದಿರುವುದು ಕೇಳುವುದು ಮತ್ತು ನೋಡುವುದು, ಅಷ್ಟೇ.

ಕೇಳುವುದು ಅಂದೆ. ಅಲ್ಲೇ ದೊಡ್ಡ ಕಷ್ಟ ಇರುವುದು. ಕನ್ನಡದಲ್ಲಿ 'ಬೇಜಾರು' ಅಂತ ಒಂದೇ ಮಾತಿದೆ. ಸಿನಿಮಾ ಚೆನ್ನಾಗಿಲ್ಲ ಅಂದರೂ ಬೇಜಾರು, ಮಗ ಫೇಲಾದರೂ ಬೇಜಾರು, ಕ್ಷಮೆ ಕೇಳುವಾಗ 'ಬೇಜಾರು ಮಾಡ್ಕೋಬೇಡಿ', ಬದುಕೇ ಸಾಕು ಅನ್ನಿಸಿದರೂ ಬೇಜಾರು. ಉತ್ತರ ಕರ್ನಾಟಕದವರು 'ಬ್ಯಾಸರ ಆಗೇತಿ' ಅಂದಾಗ ಅದರಲ್ಲಿ ದಣಿವು ಎಷ್ಟು, ದುಃಖ ಎಷ್ಟು ಅಂತ ಬಿಡಿಸಿ ಕೇಳಬೇಕು. ಮಂಗಳೂರು ಕಡೆ 'ಉದಾಸೀನ' ಅಂದರೆ ಮೈಗಳ್ಳತನ. "ಸಾರ್, ಇವನಿಗೆ ಬರೀ ಉದಾಸೀನ" ಅಂತ ಆ ಕಡೆಯ ತಾಯಿಯೊಬ್ಬರು ಮಗನ ಬಗ್ಗೆ ದೂರುತ್ತಾರೆ ಅಂದುಕೊಳ್ಳಿ. ಬಿಡಿಸಿ ಕೇಳಿದರೆ ಅದು ನಮ್ಮ ಹಾಳೆಯ ಮೊದಲನೇ ಪ್ರಶ್ನೆ ಆಗಿರಬಹುದು: ಯಾವುದರಲ್ಲೂ ಆಸಕ್ತಿ ಇಲ್ಲ, ಮಾಡಿದರೂ ಖುಷಿ ಇಲ್ಲ. ನಿಮ್ಮ ತಂದೆ ಅಂದ 'ಸೋಮಾರಿತನ' ಕೂಡ ಅದೇ ಜಾತಿಯದ್ದು ಅಂತ ನನ್ನ ಅನುಮಾನ. ಅವರು ಕಂಡಿದ್ದು ಸರಿಯಾಗಿದೆ, ಇಟ್ಟ ಹೆಸರು ತಪ್ಪಿದೆ.

ಹಳ್ಳಿಯ ಹಿರಿಯರು ಮನಸ್ಸಿನ ಮಾತನ್ನೇ ಎತ್ತುವುದಿಲ್ಲ. ಎದೆ ಭಾರ, ತಲೆ ದಿಮ್ ಅನ್ನುತ್ತೆ, ಮೈಯೆಲ್ಲ ಉರಿ, ನಿಶಕ್ತಿ. ಅವರಿಗೆ ಹಾಳೆ ಕೊಟ್ಟರೆ ಕಡಿಮೆ ಅಂಕ ಬರುತ್ತದೆ, ಕಾಯಿಲೆ ದೊಡ್ಡದಿರುತ್ತದೆ. ಒಂಬತ್ತನೆಯ ಪ್ರಶ್ನೆಯಲ್ಲಿ ಇದರ ತಿರುಗುಮುರುಗು ಆಗುತ್ತದೆ. 'ಸತ್ತು ಹೋಗೋಣ ಅನ್ನಿಸಿಬಿಡ್ತು' ಅನ್ನುವುದು ನಮ್ಮಲ್ಲಿ ಬಸ್ ತಪ್ಪಿದರೂ ಬರುವ ಮಾತು. ಅದಕ್ಕೇ ಟಿಕ್ ನೋಡಿ ಗಾಬರಿಯಾಗುವುದೂ ಬೇಡ, ಟಿಕ್ ಇಲ್ಲ ಅಂತ ಸುಮ್ಮನಾಗುವುದೂ ಬೇಡ. ಎದುರು ಕೂತು ಒಂದು ಸಲ ಕೇಳಲೇಬೇಕು.

ಹಾಳೆ ಎಲ್ಲಿ ತುಂಬಿದಿರಿ, ಯಾರು ಪಕ್ಕದಲ್ಲಿದ್ದರು ಅನ್ನುವುದೂ ಅಷ್ಟೇ ಮುಖ್ಯ. ನನ್ನ ಓಪಿಡಿಯಲ್ಲಿ ಒಬ್ಬ ಹೆಣ್ಣುಮಗಳ ಅಂಕ ಎರಡು ತಿಂಗಳಲ್ಲಿ ಚೆನ್ನಾಗಿ ಇಳಿದಿತ್ತು. ಖುಷಿಯಾಗಿ ಚೀಟಿಯಲ್ಲಿ ಬರೆದೂ ಆಯಿತು. ಆಮೇಲೆ ಗೊತ್ತಾಗಿದ್ದು ಏನೆಂದರೆ, ಬೆಂಚಿನ ಮೇಲೆ ಅತ್ತೆ ಪಕ್ಕದಲ್ಲೇ ಕೂತು ಪ್ರಶ್ನೆ ಓದಿ ಹೇಳುತ್ತಿದ್ದರು, ಇವರು ಎಲ್ಲದಕ್ಕೂ 'ಇಲ್ಲ' ಅನ್ನುತ್ತಿದ್ದರು. ತಪ್ಪು ನನ್ನದೇ, ನಾನು ಕೇಳಬೇಕಿತ್ತು. ಅವತ್ತಿನಿಂದ ಹಾಳೆ ಕೊಡುವಾಗ ಮನೆಯವರಿಗೆ ಟೀ ಕುಡಿದು ಬನ್ನಿ ಅನ್ನುತ್ತೇನೆ. ನಿಮ್ಮ ಅಣ್ಣನ ಹಾಳೆಗೆ ಟಿಕ್ ಹಾಕಿದ್ದು ಅವನೇನಾ, ನೀವಾ? ಬೇಗ ಮನೆಗೆ ಹೋಗಲಿ ಅಂತ ಹಾಕಿದ್ದಾ? ಡಾಕ್ಟರಿಗೆ ಬೇಸರ ಆಗಬಾರದು ಅಂತ ಚೆನ್ನಾಗಿದ್ದೇನೆ ಅನ್ನುವವರೂ ಇದ್ದಾರೆ. ನಗಬೇಡಿ, ಬಹಳ ಜನ ಇದ್ದಾರೆ.

ಇನ್ನು ಬೇರೆ ಕಾಯಿಲೆಗೆ ಬೇರೆ ಅಳತೆಗೋಲು. ಆತಂಕಕ್ಕೆ ಜಿಎಡಿ-7, ಏಳು ಪ್ರಶ್ನೆ. ಪದೇ ಪದೇ ಕೈ ತೊಳೆಯುವ, ಬೀಗ ನೋಡುವ ಒಸಿಡಿಗೆ ವೈ-ಬಾಕ್ಸ್, 40 ಅಂಕದ್ದು. ಇಲ್ಲದ ದನಿ ಕೇಳಿಸುವ, ಬುಡವಿಲ್ಲದ ಅನುಮಾನ ಕಾಡುವ ಸ್ಕಿಜೋಫ್ರೀನಿಯಾಗೆ ಪ್ಯಾನ್ಸ್ ಅಂತ ಇದೆ, ಮೂವತ್ತು ಅಂಶ, ಒಂದೊಂದಕ್ಕೂ 1ರಿಂದ 7. ಅದನ್ನು ಸರಿಯಾಗಿ ಮಾಡಲು ಅರ್ಧ ಗಂಟೆಗೂ ಜಾಸ್ತಿ ಬೇಕು, ಆದ್ದರಿಂದ ಸಂಶೋಧನೆ ಬಿಟ್ಟರೆ ದಿನದ ಓಪಿಡಿಯಲ್ಲಿ ಕಾಣುವುದು ಅಪರೂಪ.

ನಿಮಗೆ ಹತ್ತಿರದ್ದು ಇನ್ನೊಂದಿದೆ, ಐಡಿಯಾಸ್. ಇದು ನಮ್ಮ ದೇಶದ್ದೇ, ಭಾರತೀಯ ಮನೋವೈದ್ಯರ ಸಂಘದವರು ಮಾಡಿದ್ದು. ಇದು ಲಕ್ಷಣ ಕೇಳುವುದೇ ಇಲ್ಲ. ತನ್ನನ್ನು ತಾನು ನೋಡಿಕೊಳ್ಳುತ್ತಾರಾ, ಜನರ ಜೊತೆ ಹೇಗಿದ್ದಾರೆ, ಮಾತು ತಿಳಿವಳಿಕೆ ಹೇಗಿದೆ, ಕೆಲಸ ಮಾಡುತ್ತಾರಾ ಅಂತ ನೋಡುತ್ತದೆ. ಒಂದೊಂದಕ್ಕೂ 0ರಿಂದ 4, ಜೊತೆಗೆ ಕಾಯಿಲೆ ಎಷ್ಟು ವರ್ಷದ್ದು ಅಂತ ಅಂಕ. ನೀವು ಪತ್ರದಲ್ಲಿ ಬರೆದದ್ದೆಲ್ಲ ಇದೇ. ಆದರೆ ಇದನ್ನು ನಾವು ಬಳಸುವುದು ಹೆಚ್ಚಾಗಿ ಅಂಗವೈಕಲ್ಯ ಪ್ರಮಾಣಪತ್ರಕ್ಕೆ. ಶೇ 40 ಮುಟ್ಟಿದರೆ ಸೌಲಭ್ಯ ಸಿಗುವ ಸರ್ಟಿಫಿಕೇಟ್. ಹಾಗಾಗಿ ಒಂದೇ ಆಸ್ಪತ್ರೆಯಲ್ಲಿ ಒಂದು ರೂಮಿನಲ್ಲಿ ಅಂಕ ಇಳಿಯಲಿ ಅಂತ ಬೇಡಿಕೊಳ್ಳುತ್ತಾರೆ, ಪಕ್ಕದ ರೂಮಿನಲ್ಲಿ ಏರಲಿ ಅಂತ. ನನ್ನ ಕೇಳಿದರೆ ಆ ನಾಲ್ಕು ವಿಷಯವನ್ನು ಸರ್ಟಿಫಿಕೇಟ್ ಬೇಡದವರಿಗೂ ವರ್ಷಕ್ಕೆ ಎರಡು ಸಲ ನೋಡಬೇಕು.

ಸಂಖ್ಯೆಯನ್ನೇ ಗುರಿ ಮಾಡಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡ್ ಒಳ್ಳೆಯ ಉದಾಹರಣೆ. ಅಲ್ಲಿ 2008ರಿಂದ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಮಾತಿನ ಚಿಕಿತ್ಸೆಯ, ಅಂದರೆ ಕೂತು ಮಾತಾಡಿಸಿಯೇ ಮನಸ್ಸಿಗೆ ಮಾಡುವ ಚಿಕಿತ್ಸೆಯ, ದೊಡ್ಡ ಯೋಜನೆ ನಡೆಯುತ್ತಿದೆ. ಪ್ರತಿ ಭೇಟಿಯಲ್ಲೂ ಪಿಎಚ್‌ಕ್ಯೂ-9, ಜಿಎಡಿ-7 ತುಂಬಿಸುತ್ತಾರೆ. ಹೀಗೆ ಬಿಡದೆ ಅಳೆಯುವುದನ್ನು ನಾನು ಮೆಚ್ಚುತ್ತೇನೆ, ನಮ್ಮಲ್ಲಿ ಅದು ಇಲ್ಲ. ಡಿಪ್ರೆಶನ್ ಅಂಕ 10ಕ್ಕಿಂತ, ಆತಂಕದ ಅಂಕ 8ಕ್ಕಿಂತ ಕೆಳಗೆ ಬಂದರೆ ಅಲ್ಲಿ 'ಗುಣ' ಅಂತ ಲೆಕ್ಕ. ಚಿಕಿತ್ಸೆ ಮುಗಿಸಿದವರಲ್ಲಿ ಅರ್ಧ ಜನರಾದರೂ ಹೀಗೆ ಗುಣವಾಗಬೇಕು ಅಂತ ಗುರಿ ಇಟ್ಟರು. ಆಗ 11ರಿಂದ 9ಕ್ಕೆ ಬಂದವರು ಪಾಸು, 25ರಿಂದ 12ಕ್ಕೆ ಬಂದವರು ಫೇಲು! ಈ ಎಡವಟ್ಟು ಸರಿದೂಗಿಸಲು ಇನ್ನೊಂದು ಅಳತೆಯೂ ಇದೆ: ಡಿಪ್ರೆಶನ್ ಅಂಕ ಕಡೇಪಕ್ಷ ಆರಾದರೂ ಇಳಿದಿರಬೇಕು. ನಿಮ್ಮ ಅಣ್ಣ ಅಲ್ಲಿದ್ದು, ಆತಂಕದ ಅಂಕವೂ ಕಡಿಮೆ ಇದ್ದಿದ್ದರೆ, ಎರಡರಲ್ಲೂ ಪಾಸಾಗುತ್ತಿದ್ದ. ಮೂಲೆಯಲ್ಲಿ ಕೂತುಕೊಂಡೇ.

ನಮ್ಮಲ್ಲಿ ಕಷ್ಟ ಬೇರೆ ತರಹದ್ದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಕಾಯಿಲೆಯವರನ್ನು ನೋಡುವ ಮನೋಚೈತನ್ಯ ಕ್ಲಿನಿಕ್‌ಗಳು 2014ರಲ್ಲಿ ಶುರುವಾದವು. ದೂರದ ಊರಿಗೆ ಅಲೆಯುತ್ತಿದ್ದವರಿಗೆ ಇದು ದೊಡ್ಡ ಉಪಕಾರ. ಆದರೆ ಒಬ್ಬ ಡಾಕ್ಟರು, ಉದ್ದನೆಯ ಸಾಲು. ಒಬ್ಬೊಬ್ಬರಿಗೆ ಐದು ನಿಮಿಷ ಸಿಕ್ಕರೆ ಪುಣ್ಯ. ಹಿಂದೆ ನಾನು ಕೆಲಸ ಮಾಡಿದ ಒಂದು ಕಡೆ ತಿಂಗಳ ವರದಿಯಲ್ಲಿ ಹೊಸಬರು ಎಷ್ಟು, ಹಳಬರು ಎಷ್ಟು, ಮಾತ್ರೆ ಎಷ್ಟು ಖರ್ಚಾಯಿತು ಅಂತ ಕಾಲಂ ಇದ್ದವು. ವಾಪಸ್ ಕೆಲಸಕ್ಕೆ ಹೋದವರು ಎಷ್ಟು ಅನ್ನುವ ಕಾಲಂ ಇರಲಿಲ್ಲ. ನಾನೇ ಸ್ಕೇಲ್ ಇಟ್ಟು ಗೆರೆ ಎಳೆದು ಒಂದು ಕಾಲಂ ಸೇರಿಸಿ ಕಳಿಸಿದೆ. ಮುಂದಿನ ತಿಂಗಳು ಫಾರ್ಮ್ ಮೊದಲಿನ ಹಾಗೇ ಬಂತು. ಬರುವುದನ್ನೇ ನಿಲ್ಲಿಸಿದವರ ಕಥೆಯಂತೂ ಯಾವ ಕಾಲಂನಲ್ಲೂ ಇರಲಿಲ್ಲ. ಅವರು ಗುಣವಾದರಾ, ಮಾತ್ರೆ ಬಿಟ್ಟರಾ, ಊರೇ ಬಿಟ್ಟರಾ?

ಸರಿ, ನಿಮ್ಮ ಅಣ್ಣನ ವಿಷಯಕ್ಕೆ ಬರೋಣ. ಐದು ತಿಂಗಳಾದರೂ 8ರಲ್ಲೇ ನಿಂತಿದ್ದರೆ ಡಾಕ್ಟರ ಹತ್ತಿರ ಮತ್ತೆ ಕೂತು ಮಾತಾಡುವುದಕ್ಕೆ ಅದು ಸಾಕಷ್ಟು ಕಾರಣ. ಸರಿಯಾದ ಡೋಸ್‌ನಲ್ಲಿ ನಾಲ್ಕರಿಂದ ಆರು ವಾರ ಕೊಟ್ಟರೆ ಒಂದು ಮಾತ್ರೆಯ ಬಣ್ಣ ಸುಮಾರಾಗಿ ಗೊತ್ತಾಗುತ್ತದೆ. ದಿನವೂ ತೆಗೆದುಕೊಳ್ಳುತ್ತಿದ್ದಾನಾ, ಡೋಸ್ ಸಾಕಾ, ಥೈರಾಯ್ಡ್ ನೋಡಿಸಿದ್ದೀರಾ, ಕುಡಿತ ಇದೆಯಾ, ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆ ವಿಪರೀತ ಹುರುಪಿನಲ್ಲಿ ಓಡಾಡಿದ ದಿನಗಳು ಇದ್ದವಾ — ಇವಿಷ್ಟನ್ನೂ ಕೇಳುತ್ತಾರೆ, ಉತ್ತರ ಇಟ್ಟುಕೊಂಡು ಹೋಗಿ.

ಒಂದು ಮಾತು ಮಾತ್ರ ಅಣ್ಣನೇ ಹೇಳಬೇಕು. ಡಿಪ್ರೆಶನ್‌ನ ಕೆಲವು ಮಾತ್ರೆಗಳಲ್ಲಿ ಕೆಲವರಿಗೆ ಮನಸ್ಸು ಜಡ್ಡುಗಟ್ಟಿದ ಹಾಗೆ ಆಗುತ್ತದೆ. ಅಳು ಬರುವುದಿಲ್ಲ, ನಗುವೂ ಬರುವುದಿಲ್ಲ. ಅಂಕ ಇಳಿದಿರುತ್ತದೆ, ಮನುಷ್ಯ ಗೋಡೆ ನೋಡುತ್ತಿರುತ್ತಾನೆ. ಹೊರಗಿಂದ ನೋಡಿದರೆ ಉಳಿದ ಕಾಯಿಲೆಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ. ಅದೇ ಮಾತ್ರೆಗಳಿಂದ ಲೈಂಗಿಕ ತೊಂದರೆಯೂ ಬರಬಹುದು. 31 ವರ್ಷದ ಗಂಡಸು ಅದನ್ನು ನಿಮ್ಮ ಎದುರು, ಅಪ್ಪನ ಎದುರು ಹೇಳುತ್ತಾನಾ? ಹತ್ತು ನಿಮಿಷ ಅವನೊಬ್ಬನೇ ಡಾಕ್ಟರ ಜೊತೆ ಇರಲಿ. ಎರಡಕ್ಕೂ ದಾರಿ ಇದೆ, ಡೋಸ್ ಕಡಿಮೆ ಮಾಡಬಹುದು, ಮಾತ್ರೆ ಬದಲಿಸಬಹುದು. ನೀವೇ ನಿಲ್ಲಿಸಬೇಡಿ. ಅಂಕ ಐದಕ್ಕಿಂತ ಕೆಳಗೆ ಬಂದರೂ ನಿಲ್ಲಿಸಬೇಡಿ, ಆಮೇಲೂ ಆರು ತಿಂಗಳಾದರೂ ಮುಂದುವರಿಸಬೇಕು.

ಮಾತ್ರೆಯ ಜೊತೆ ಮಾತಿನ ಚಿಕಿತ್ಸೆ ಸಿಗುತ್ತದಾ ಕೇಳಿ. ಮೂಲೆ ಹಿಡಿದವರಿಗೆ ಚೆನ್ನಾಗಿ ಒಗ್ಗುವುದು ಒಂದಿದೆ. ಮನಸ್ಸು ಸರಿಯಾದ ಮೇಲೆ ಕೆಲಸ ಮಾಡುತ್ತೇನೆ ಅಂತ ಕಾಯದೆ, ಸಣ್ಣ ಸಣ್ಣ ಕೆಲಸವನ್ನು ಮೊದಲು ಶುರು ಮಾಡಿಸುವುದು, ಮನಸ್ಸು ಅದರ ಹಿಂದೆ ಬರುತ್ತದೆ. ಗೋವಾದಲ್ಲಿ ಸಂಗಾತ್ ಸಂಸ್ಥೆಯವರು ಊರಿನ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರರಿಂದ ಎಂಟು ಭೇಟಿಯಲ್ಲಿ ಇದನ್ನು ಮಾಡಿಸಿದರು. ಗುಣ ಕಂಡಿತು, 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ದೊಡ್ಡ ಆಸ್ಪತ್ರೆಯೇ ಬೇಕು ಅಂತೇನಿಲ್ಲ ಅಂತ ಹೇಳುವುದಕ್ಕೆ ಇದನ್ನು ನೆನೆಸಿದೆ.

ಮನೆಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಡಿ. ಅದರ ಮೊದಲ ಪುಟ ಅಣ್ಣನದು. 'ಗುಣ ಆದೆ ಅಂತ ನಿನಗೆ ಯಾವಾಗ ಅನ್ನಿಸುತ್ತೆ?' ಅಂತ ಅವನನ್ನೇ ಕೇಳಿ. ನೀವು ಮಂಡಿ ಅಂದುಕೊಂಡಿದ್ದೀರಿ. ಅವನು ಬೇರೇನೋ ಹೇಳಬಹುದು. ಒಬ್ಬ ಹುಡುಗ ನನಗೆ ಹೇಳಿದ್ದು "ಕಟಿಂಗ್ ಶಾಪಿನ ಕನ್ನಡಿ ಮುಂದೆ ಕೂರೋಕೆ ಆದರೆ ಸಾಕು ಸಾರ್" ಅಂತ. ಅವನ ಮನೆಯವರು ಡಿಗ್ರಿ ಮುಗಿಸಲಿ ಅಂತ ಕಾಯುತ್ತಿದ್ದರು. ಅಣ್ಣ ಹೇಳಿದ್ದರಲ್ಲಿ ಒಂದೆರಡು, ನಿಮ್ಮದೊಂದು. ಅಷ್ಟೇ ಸಾಕು. ಸ್ನಾನ ಮಾಡಿದನಾ, ಹೊರಗೆ ಹೋದನಾ, ಯಾರ ಜೊತೆಗಾದರೂ ತಾನಾಗಿ ಮಾತಾಡಿದನಾ, ಇಂಥವು. ವಾರಕ್ಕೊಮ್ಮೆ, ಭಾನುವಾರ ಎಷ್ಟು ದಿನ ಆಯಿತು ಅಂತ ಬರೆಯಿರಿ. ದಿನವೂ ಬರೆಯಬೇಡಿ, ಕಾವಲು ಕೂತ ಹಾಗಾಗುತ್ತದೆ. ಅವನಿಗೆ ಕಾಣದ ಹಾಗೆ ಬರೆಯಲೂಬೇಡಿ. ಒಂದು ವಾರ ಕೆಟ್ಟದಾಗಿ ಹೋದರೆ ಹೆದರಬೇಡಿ, ಈ ಕಾಯಿಲೆ ಇಳಿಯುವಾಗಲೂ ಮೆಟ್ಟಿಲು ಹತ್ತಿ ಇಳಿದು ಮಾಡುತ್ತದೆ. ಮೂರು ನಾಲ್ಕು ವಾರ ಒಂದೇ ಸಮ ಹದಗೆಡುತ್ತಾ ಹೋದರೆ ಫಾಲೋಅಪ್ ತಾರೀಖಿಗೆ ಕಾಯಬೇಡಿ. ಸಾವಿನ ಮಾತು ಬಂದರಂತೂ ಅದೇ ದಿನ ಆಸ್ಪತ್ರೆ. ರಾತ್ರಿಯಾಗಿ ಏನೂ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ.

ತಂದೆಯವರಿಗೂ ಆ ನೋಟ್‌ಬುಕ್‌ನಲ್ಲಿ ಒಂದು ಸಾಲು ಕೊಡಿ. ಸೋಮಾರಿತನ ಅಲ್ಲ ಅಂತ ವಾದ ಮಾಡಿ ಗೆಲ್ಲಲು ಆಗುವುದಿಲ್ಲ, ನಾನೂ ಎಷ್ಟೋ ಅಪ್ಪಂದಿರ ಹತ್ತಿರ ಸೋತಿದ್ದೇನೆ. ಮಂಡಿಯ ಪೂರ್ತಿ ದಿನ ಬೇಡ, ಹಾಲಿನ ಲೆಕ್ಕವನ್ನೋ ಅಂಗಡಿಯ ಬಾಕಿಯನ್ನೋ ವಾರಕ್ಕೆರಡು ಸಲ ಕಾಲು ಗಂಟೆ ಮಗನ ಜೊತೆ ಕೂತು ನೋಡಲಿ. ಆಯಿತಾ ಇಲ್ಲವಾ ಅಂತ ಅವರೇ ಬರೆಯಲಿ. ಮುಂದಿನ ಸಲ ಹೋಗುವಾಗ ಓಪಿ ಚೀಟಿಯ ಜೊತೆ ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಳ್ಳಿ. ಡಾಕ್ಟರು ಹಾಳೆ ಕೊಟ್ಟಾಗ ಹತ್ತನೆಯ ಪ್ರಶ್ನೆ ಇದೆಯಾ ನೋಡಿ. ಇಲ್ಲದಿದ್ದರೆ ಹಾಳೆಯ ಹಿಂದೆ ಅಣ್ಣನ ಕೈಯಲ್ಲೇ ಬರೆಸಿ ಕೊಡಿ.